ಸೊನ್ನೆಯೋ, ನಾಲ್ಕೋ

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಅಂಗಡಿಯ ಷಟರನ್ನು ಸೊಂಟದೆತ್ತರಕ್ಕಷ್ಟೇ ಎತ್ತಿ, ತಲೆ ತಗ್ಗಿಸಿ ಒಳನುಸುಳುವ ಮಹಿಳೆ ಬಲ್ಬಿನ ಸ್ವಿಚ್ಚಿಗೆ ಕೈ ಹಾಕುವುದಿಲ್ಲ, ಹೆಗಲ ಚೀಲವನ್ನೂ ಕೆಳಗಿಡುವುದಿಲ್ಲ. ನೇರವಾಗಿ ಒಳಮೂಲೆಯ ಮೇಜಿನತ್ತ ನಡೆದು, ಅಲ್ಲಿ ನೀಲಿಯಾಗಿ ಬೆಳಗುತ್ತಿರುವ ಪರದೆಯ ಮುಂದೆ ಬಾಗುತ್ತಾರೆ. ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ತೋರುಬೆರಳನ್ನು ಗಾಜಿಗೆ ತಾಕದಂತೆ ಒಂದೊಂದೇ ಸಾಲಿನ ಮೇಲೆ ಸರಿಸುತ್ತಾರೆ. ಒಂಬತ್ತು ಸುತ್ತುಗಳು ಮುಗಿದಿವೆ. ತಪ್ಪುಗಳ ಸಾಲಿನಲ್ಲಿ ಸೊನ್ನೆ. ಉಸಿರು ಬಿಡುತ್ತಾರೆ, ಬಿಟ್ಟ ಮೇಲೆ ಮತ್ತೆ ಮೊದಲ ಸಾಲಿನಿಂದ ನೋಡುತ್ತಾರೆ.

ಅದು ಕಂಪ್ಯೂಟರಿನ ಮೆಮೊರಿಯನ್ನು, ಅಂದರೆ ಎಲ್ಲರೂ ರ್ಯಾಮ್ ಎಂದು ಕರೆಯುವ ಹಸಿರು ಪಟ್ಟಿಯನ್ನು, ಪರೀಕ್ಷಿಸುವ ಕ್ರಮ. ಅದರ ಕೋಟಿಗಟ್ಟಲೆ ಮನೆಗಳಲ್ಲಿ ಒಂದೊಂದರಲ್ಲೂ ಒಂದು ಗುರುತು ಬರೆಯುವುದು, ಮತ್ತೆ ಓದುವುದು, ಬರೆದದ್ದೇ ಇದೆಯೇ ಎಂದು ನೋಡುವುದು. ಪಕ್ಕದ ತಗಡು ಬಿಚ್ಚಿಕೊಂಡು ಕುಳಿತಿರುವ ಈ ಹದಿನೆಂಟು ವರ್ಷ ಹಳೆಯ ಯಂತ್ರ ಎರಡು ರಾತ್ರಿಗಳಿಂದ ಅದೊಂದೇ ಕೆಲಸ ಮಾಡುತ್ತಿದೆ. ಅದರ ಒಳಗಿನ ಡಿಸ್ಕಿನ ತಂತಿಯನ್ನು ಮಾತ್ರ ಬೇಕೆಂದೇ ಕಳಚಿಡಲಾಗಿದೆ. ಯಾಕೆಂದರೆ ಆ ಡಿಸ್ಕಿನಲ್ಲಿ ಒಬ್ಬ ಮನುಷ್ಯನ ಹನ್ನೊಂದು ವರ್ಷಗಳ ದುಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಆ ದುಡಿಮೆಯ ಇನ್ನೊಂದು ಪ್ರತಿಯನ್ನು ಎರಡು ವರ್ಷ ಐದು ತಿಂಗಳ ಹಿಂದೆ ಹಾಳು ಮಾಡಿದ್ದು ಇದೇ ಕೈ ಎಂದು ಅವರು ತಮ್ಮ ಬಲಗೈಯನ್ನು ತೋರಿಸುತ್ತಾರೆ, ಬೇರೆ ಯಾರದೋ ಕೈಯನ್ನು ತೋರಿಸುವಂತೆ.

ಐದಾರು ಬೀದಿಗಳ ಜನಕ್ಕೆ ಇವರು ‘ರಬ್ಬರ್ ಅಕ್ಕ’. ವಯಸ್ಸು ಐವತ್ತನಾಲ್ಕು. ಅಂಗಡಿ ಎಂಟು ಅಡಿ ಅಗಲ, ಹದಿನಾರು ಅಡಿ ಉದ್ದ. ಮುಂದಿನ ಅರ್ಧದಲ್ಲಿ ತಂಗಿಯ ಜೆರಾಕ್ಸ್ ಯಂತ್ರ, ಹಿಂದಿನ ಅರ್ಧದಲ್ಲಿ ಅಕ್ಕನ ರಿಪೇರಿ ಮೇಜು, ನಡುವೆ ಗೋಡೆಯಿಲ್ಲ. ತಂಗಿಯ ಬಾಯಿಯೇ ಗೋಡೆ ಎಂದು ಅಕ್ಕ ಹೇಳುತ್ತಾರೆ. ಗೋಡೆಗುಂಟ ಮರದ ಹಲಗೆಗಳ ಮೇಲೆ ಟೂತ್‌ಪೇಸ್ಟಿನ ಖಾಲಿ ರಟ್ಟಿನ ಡಬ್ಬಿಗಳು ಪುಸ್ತಕಗಳಂತೆ ನಿಂತಿವೆ. ಎಣಿಸಿದರೆ ನೂರ ಮೂವತ್ತೆಂಟು. ಯಾರದೇ ಯಂತ್ರದಿಂದ ತೆಗೆದ ಹಳೆಯ ರ್ಯಾಮ್ ಪಟ್ಟಿಯನ್ನು ಅಕ್ಕ ಎಸೆಯುವುದಿಲ್ಲ. ಅಂಥದೊಂದು ಡಬ್ಬಿಯಲ್ಲಿ ಮಲಗಿಸಿ, ಬೆನ್ನಿನ ಮೇಲೆ ಮಾಲೀಕರ ಗುರುತು ಬರೆದು, ಕನಿಷ್ಠ ಒಂದು ವರ್ಷ ಕಾಯುತ್ತಾರೆ. ಪಟ್ಟಿಯ ಉದ್ದಕ್ಕೆ ಅಳತೆ ಮಾಡಿ ಹೊಲಿಸಿದಂತೆ ಕೂರುವುದು ಟೂತ್‌ಪೇಸ್ಟ್ ಡಬ್ಬಿಯೊಂದೇ ಎಂಬುದು ಅವರ ಶೋಧ. ಸುತ್ತಲಿನ ಮನೆಗಳವರು ಪೇಸ್ಟ್ ಮುಗಿದಾಗ ಡಬ್ಬಿ ತಂದುಕೊಡುತ್ತಾರೆ. “ನಮ್ಮಕ್ಕನಿಗೆ ಊರಿನವರ ಹಲ್ಲಿನ ಲೆಕ್ಕವೆಲ್ಲ ಗೊತ್ತು. ಯಾರ ಮನೆಯಲ್ಲಿ ಹಲ್ಲುಜ್ಜಲ್ಲ ಅನ್ನೋದೂ ಗೊತ್ತು,” ಎನ್ನುತ್ತಾರೆ ತಂಗಿ, ಪ್ರತಿ ತೆಗೆಯಲು ಬಂದವರಿಗೂ ಕೇಳುವಂತೆ.

ದಿನಕ್ಕೆ ನಾಲ್ಕೈದು ಯಂತ್ರಗಳು ಬರುತ್ತವೆ. ಬಹುಪಾಲು ಹಳೆಯವು: ಶಾಲೆಯ ಕಚೇರಿಯದು, ಔಷಧಿ ಅಂಗಡಿಯದು, ಮಗ ಹೊಸದು ತಂದ ಮೇಲೆ ಅಪ್ಪನ ಪಾಲಿಗೆ ಬಂದದ್ದು. ಐದರಲ್ಲಿ ಎರಡು ಯಂತ್ರಗಳ ಕಾಯಿಲೆಗೆ ಮದ್ದು ಒಂದೇ. ರ್ಯಾಮ್ ಪಟ್ಟಿಯನ್ನು ಕಳಚಬೇಕು, ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕೂತ ಕಿಲುಬನ್ನು ಶಾಲಾ ಮಕ್ಕಳ ಮೆತ್ತನೆಯ ಬಿಳಿ ರಬ್ಬರಿನಿಂದ ಉಜ್ಜಬೇಕು, ಪುಡಿಯನ್ನು ಕುಂಚದಿಂದ ಕೊಡವಿ, ಎರಡೂ ಬದಿಯ ಕೊಂಡಿ ಟಕ್ಕೆನ್ನುವವರೆಗೆ ಒತ್ತಿ ಕೂರಿಸಬೇಕು. ಬೀಪ್ ಬೀಪ್ ಎಂದು ಅಳುತ್ತ ಬಂದ ಯಂತ್ರ ಸುಮ್ಮನಾಗಿ ಪರದೆ ತೆರೆಯುತ್ತದೆ. ಈ ಮದ್ದೇ ಅವರಿಗೆ ಅಡ್ಡಹೆಸರು ತಂದದ್ದು. ಅದೇ ಮದ್ದು ಅವರನ್ನು ಕೆಡವಿದ್ದೂ ಹೌದು.

ರಬ್ಬರಿನ ಸಹವಾಸ ಶುರುವಾದದ್ದು ಕಂಪ್ಯೂಟರಿಗಿಂತ ಮೊದಲು. ಹತ್ತೊಂಬತ್ತರ ವಯಸ್ಸಿನಲ್ಲಿ ಅವರು ಟೈಪಿಂಗ್ ಕಲಿಸುವ ಸಂಸ್ಥೆಯೊಂದಕ್ಕೆ ಸೇರಿದರು. ಒಂದು ತುದಿಯಲ್ಲಿ ರಬ್ಬರು, ಇನ್ನೊಂದು ತುದಿಯಲ್ಲಿ ಕುಂಚ ಇರುವ ಕಡ್ಡಿಯೊಂದು ಆಗ ಪ್ರತಿ ಟೈಪಿಸ್ಟರ ಕಿವಿಯ ಮೇಲೆ. ತಪ್ಪು ಅಕ್ಷರ ಉಜ್ಜು, ಪುಡಿ ಕೊಡವು, ಸರಿಯಾದದ್ದನ್ನು ಹೊಡೆ. ಹದಿಮೂರು ವರ್ಷ ಅದೇ ಕೆಲಸ. ಆಮೇಲೆ ಸಂಸ್ಥೆಯವರು ಟೈಪ್‌ರೈಟರುಗಳನ್ನು ತೂಕಕ್ಕೆ ಹಾಕಿ ಆರು ಕಂಪ್ಯೂಟರು ತಂದರು. ಅವು ಕೆಟ್ಟರೆ ರಿಪೇರಿಯವನು ಬರಲು ವಾರ. ಕಾಯುವ ವಿದ್ಯಾರ್ಥಿಗಳ ಗೊಣಗಾಟ ಕೇಳಲಾರದೆ ಅಕ್ಕ ಒಂದು ಮಧ್ಯಾಹ್ನ ಬುತ್ತಿಯ ಚಮಚದ ಹಿಡಿಕೆಯಿಂದ ಸ್ಕ್ರೂ ತಿರುಗಿಸಿ ತಗಡು ತೆಗೆದರು. “ಒಳಗೆ ಏನೋ ಮಹಾ ಇರುತ್ತೆ ಅಂದ್ಕೊಂಡಿದ್ದೆ. ನೋಡಿದರೆ ನಮ್ಮನೆ ಅಟ್ಟದ ಥರ, ಅರ್ಧ ಧೂಳು, ಅರ್ಧ ಖಾಲಿ. ಆವತ್ತೇ ಹೆದರಿಕೆ ಹೋಯ್ತು.” ಸಂಸ್ಥೆ ಮುಚ್ಚಿದಾಗ ಅವರ ಕೈಯಲ್ಲಿ ಮೂರು ಸ್ಕ್ರೂಡ್ರೈವರ್ ಮತ್ತು ಆ ಕಡ್ಡಿಯ ಕುಂಚದ ತುದಿ ಇತ್ತು. ಗಟ್ಟಿ ರಬ್ಬರಿನ ತುದಿಯನ್ನು ತಾವೇ ಕತ್ತರಿಸಿ ಹಾಕಿದ್ದರು. ಅದು ಚಿನ್ನವನ್ನೂ ಕೆರೆದುಬಿಡುತ್ತದೆ.

ನಾಲ್ಕು ಬೀದಿ ಆಚೆಗೆ ‘ಮಳೆ ಮೇಷ್ಟ್ರು’ ಇದ್ದಾರೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಮನೆಯ ತಾರಸಿಯ ಮೇಲೆ ಮಳೆ ಅಳೆಯುವ ಡಬ್ಬ, ಜಾಲರಿಯ ಪೆಟ್ಟಿಗೆಯಲ್ಲಿ ಉಷ್ಣಮಾಪಕ. ಬೆಳಗ್ಗೆ ಆರೂವರೆಗೆ ಮೆಟ್ಟಿಲು ಹತ್ತುವುದು, ಹಿಂದಿನ ದಿನದ ಮಳೆ ಎಷ್ಟು, ರಾತ್ರಿಯ ಚಳಿ ಎಷ್ಟು, ಹಗಲಿನ ಬಿಸಿ ಎಷ್ಟು ಎಂದು ಓದುವುದು, ಕೆಳಗಿಳಿದು ಬರೆಯುವುದು. ಇಪ್ಪತ್ತೇಳು ವರ್ಷ ಇದು ಒಂದು ದಿನವೂ ತಪ್ಪಲಿಲ್ಲ. ಮೊದಲ ಹನ್ನೊಂದು ವರ್ಷ ಹನ್ನೊಂದು ನೋಟ್‌ಬುಕ್ಕಿನಲ್ಲಿ. ಆಮೇಲಿನ ಹದಿನಾರು ವರ್ಷ ನೇರವಾಗಿ ಕಂಪ್ಯೂಟರಿನಲ್ಲಿ, ದಿನಕ್ಕೊಂದು ಸಾಲಿನಂತೆ ಒಂದೇ ಉದ್ದದ ಕಡತ; ನೋಟ್‌ಬುಕ್ಕಿನ ಅಂಕಿಗಳನ್ನೂ ಅದಕ್ಕೇ ಏರಿಸಿದ್ದರು. ಯಾರೂ ಕೇಳಿದ್ದಲ್ಲ, ಯಾರೂ ಕೊಟ್ಟದ್ದಲ್ಲ. “ಆಕಾಶ ಹಾಜರಿ ಹಾಕ್ತಾ ಇದೆ, ಬರ್ಕೊಳ್ಳೋರು ಒಬ್ಬರು ಬೇಡ್ವಾ?” ಎಂದು ಆಗೆಲ್ಲ ಹೇಳುತ್ತಿದ್ದರಂತೆ.

ಅವರ ಕಂಪ್ಯೂಟರು ನಿಧಾನವಾಗಿತ್ತು. ಮೇಷ್ಟ್ರು ಎಲ್ಲಿಂದಲೋ ಇನ್ನೊಂದು ರ್ಯಾಮ್ ಪಟ್ಟಿ ತಂದು ತಾವೇ ಸೇರಿಸಿದರು. ಸೇರಿಸಿದ್ದೇ ತಡ, ಯಂತ್ರ ಏಳಲಿಲ್ಲ. ಮೂರು ಉದ್ದನೆಯ ಬೀಪ್ ಮಾತ್ರ. ರಿಕ್ಷಾದಲ್ಲಿ ಹೊತ್ತು ತಂದು ಅಕ್ಕನ ಮೇಜಿನ ಮೇಲಿಟ್ಟು, ನಾಳೆ ಬೆಳಗಿನ ಸಾಲು ಬರೆಯುವುದಿದೆ, ಬೇಗ ನೋಡಮ್ಮ ಎಂದರು. ಅಕ್ಕ ಹೊಸ ಪಟ್ಟಿಯನ್ನು ಕಳಚಿ ನೋಡಿದರು. ಹಲ್ಲುಗಳ ಮೇಲೆ ಕಪ್ಪು ಕಿಲುಬು. ಯಾರೋ ಬಳಸಿ ಬಿಟ್ಟ ಸರಕು. ಉಜ್ಜಿದರು, ಕೊಡವಿದರು, ಕೂರಿಸಿದರು. ಬೀಪ್ ನಿಂತಿತು, ಪರದೆ ಬಂತು, ಮೆಮೊರಿಯ ಲೆಕ್ಕ ಸರಿಯಾಗಿ ತೋರಿತು. ಮೇಷ್ಟ್ರ ಚಹಾ ಲೋಟದ ತಳ ಕಾಣುವಷ್ಟರಲ್ಲಿ ಕೆಲಸ ಮುಗಿದಿತ್ತು. ಇಪ್ಪತ್ತೇ ನಿಮಿಷ. ತಂಗಿ ಚಪ್ಪಾಳೆ ತಟ್ಟಿದ್ದನ್ನು ಅಕ್ಕ ಇಂದಿಗೂ ಮರೆತಿಲ್ಲ.

“ಕಿಲುಬು ಇತ್ತು, ತೆಗೆದೆ, ಎದ್ದಿತು. ಹಾಗಾದರೆ ಕಿಲುಬೇ ಕಾರಣ ಅಂದ್ಕೊಂಡೆ,” ಎನ್ನುತ್ತಾರೆ ಅಕ್ಕ. “ಕೊಳಕಾದವನಿಗೆ ಜ್ವರಾನೂ ಇರಬಹುದಲ್ವಾ? ಸ್ನಾನ ಮಾಡಿಸಿ ಕಳಿಸಿಬಿಟ್ಟೆ. ಮೈ ಮುಟ್ಟಿ ನೋಡಲಿಲ್ಲ.”

ಜ್ವರವಿತ್ತು. ಆ ಪಟ್ಟಿಯ ಒಂದು ಚಿಪ್ಪಿನಲ್ಲಿ ಕೆಲವೇ ಕೆಲವು ಮನೆಗಳು ಕೆಟ್ಟಿದ್ದವು. ಯಂತ್ರವನ್ನು ನಿಲ್ಲಿಸುವಷ್ಟು ದೊಡ್ಡ ಕೇಡಲ್ಲ. ಆದರೆ ಆ ಮನೆಗಳಲ್ಲಿ ಹಾದುಹೋದ ಅಂಕಿಗಳಿಗೆ ಒಂದೇ ಬಗೆಯ ರೋಗ ತಗಲುತ್ತಿತ್ತು: ಸೊನ್ನೆ ನಾಲ್ಕಾಗುತ್ತಿತ್ತು, ಒಂದು ಐದಾಗುತ್ತಿತ್ತು, ಎರಡು ಆರು, ಮೂರು ಏಳು. ಎಂಟು ಮತ್ತು ಒಂಬತ್ತು ಮಾತ್ರ ಅಂಕಿಯೇ ಅಲ್ಲದ ವಿಚಿತ್ರ ಚಿಹ್ನೆಗಳಾಗಿ ಎದ್ದು ಕಾಣುತ್ತಿದ್ದವು. ಮೇಷ್ಟ್ರು ದಿನವೂ ಕಡತ ತೆರೆದು, ಒಂದು ಸಾಲು ಸೇರಿಸಿ, ಉಳಿಸಿ ಮುಚ್ಚುತ್ತಿದ್ದರು. ಪ್ರತಿ ಸಲವೂ ಇಪ್ಪತ್ತೇಳು ವರ್ಷ ಪೂರ್ತಿ ಆ ಮೆಮೊರಿಯ ಮೂಲಕ ಹಾದುಹೋಗುತ್ತಿತ್ತು. ಪ್ರತಿ ಸಲವೂ ಎಲ್ಲೋ ಒಂದೆರಡು ಅಂಕಿ ಬದಲಾಗಿ ಮರಳುತ್ತಿತ್ತು. ಭಾನುವಾರಗಳಂದು ಅವರು ಶಿಸ್ತಾಗಿ ಹಳೆಯ ನಕಲಿನ ಮೇಲೆಯೇ ಹೊಸ ನಕಲು ಇಳಿಸುತ್ತಿದ್ದರು. ಹೀಗಾಗಿ ನಕಲಿಗೂ ಅದೇ ರೋಗ ಬಂತು.

ನಲವತ್ತೊಂದನೆಯ ದಿನ ಮೇಷ್ಟ್ರು ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ಎಂದೋ ಒಂದು ರಾತ್ರಿಯ ಚಳಿ ಅರವತ್ತೊಂದು ಡಿಗ್ರಿ ಎಂದಿತ್ತು. ಅಷ್ಟಿದ್ದರೆ ಆ ಬೆಳಗ್ಗೆ ಬೆಂದ ಮೇಷ್ಟ್ರು ಸಿಗಬೇಕಿತ್ತು ಎಂದು ಅವರೇ ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: “ಇದೊಂದು ಕಾಣಿಸ್ತು ಕಣಮ್ಮ. ಕಾಣದೇ ಇರೋದು ಎಷ್ಟಿದೆ?”

ಅಕ್ಕ ಯಂತ್ರವನ್ನು ಮತ್ತೆ ಅಂಗಡಿಗೆ ತರಿಸಿದರು. ಪಟ್ಟಿಯನ್ನು ಪರೀಕ್ಷೆಗೆ ಹಾಕಿದರು. ಒಂದೇ ಗಂಟೆಯಲ್ಲಿ ಪರದೆಯ ಮೇಲೆ ಕೆಂಪು ಸಾಲುಗಳು. ಒಂದೇ ಒಂದು ಗಂಟೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತನ್ನು ಅವರು ಅಮ್ಮನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದರು. ಆ ಅಡಿಕೆಯ ತೂಕ ಒಂದು ಗಂಟೆ ಎಂದು ಅಂದು ತಿಳಿಯಿತು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನುತ್ತಾರೆ ತಂಗಿ. ಅವರು ಮನೆಗೆ ಹೋಗಿ, ಮಳೆಡಬ್ಬವನ್ನು ತಾರಸಿಯ ಮೇಲೆಯೇ ಬೋರಲು ಹಾಕಿದರು. ಸುಳ್ಳು ಬೆರೆತ ರಾಶಿಯ ಮೇಲೆ ದಿನವೂ ಒಂದು ಹಿಡಿ ನಿಜ ಹಾಕಿ ಏನು ಉಪಯೋಗ ಎಂಬುದು ಅವರ ವಾದ. ಕಡತವನ್ನೂ ಹನ್ನೊಂದು ನೋಟ್‌ಬುಕ್ಕುಗಳನ್ನೂ ಅಕ್ಕನಿಗೇ ಕೊಟ್ಟುಬಿಟ್ಟರು.

ಅಂದಿನಿಂದ ಅಕ್ಕನ ಅಂಗಡಿಯಲ್ಲಿ ಮೆಮೊರಿ ಮುಟ್ಟಿದ ಯಾವ ಯಂತ್ರವೂ ಎರಡು ರಾತ್ರಿ ಪರೀಕ್ಷೆ ದಾಟದೆ ಹೊರಹೋಗುವುದಿಲ್ಲ. ಮಧ್ಯಾಹ್ನದೊಳಗೆ ಬೇಕು ಎನ್ನುವವರು ಎದುರಿನ ಸಾಲಿನ ಅಂಗಡಿಗೆ ಹೋಗುತ್ತಾರೆ. ಮೂರರಲ್ಲಿ ಒಬ್ಬರು ಹಾಗೆ ಹೋಗುತ್ತಾರೆ ಎಂಬುದು ತಂಗಿಯ ಅಂದಾಜು. ಕೋಟೆ ಸೂರೆಯಾದ ಮೇಲೆ ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಎಂದು ತಂಗಿ ಚುಚ್ಚುತ್ತಾರೆ. “ಮುಂದಿನವರ ಕೋಟೆ ಇದೆಯಲ್ಲೇ,” ಎಂದಷ್ಟೇ ಅಕ್ಕನ ಉತ್ತರ. ಆ ಕೆಟ್ಟ ಪಟ್ಟಿಯೂ ಒಂದು ಡಬ್ಬಿಯಲ್ಲಿದೆ. ಅದರ ಬೆನ್ನಿನ ಮೇಲೆ ಏನನ್ನೂ ಬರೆದಿಲ್ಲ. ರಿಪೇರಿ ಮೇಜಿನಿಂದ ತಲೆಯೆತ್ತಿದರೆ ಮೊದಲು ಕಾಣುವ ಡಬ್ಬಿ ಅದೇ.

ಪ್ರತಿದಿನ ಬೆಳಗ್ಗೆ, ಪರೀಕ್ಷೆಯ ಪರದೆ ನೋಡಿದ ಮೇಲೆ, ಅಂಗಡಿ ತೆರೆಯುವವರೆಗಿನ ಒಂದು ಗಂಟೆ ಮೇಷ್ಟ್ರ ಕಡತಕ್ಕೆ ಮೀಸಲು. ಮುದ್ರಿಸಿದ ಹಾಳೆಗಳು, ಒಂದು ಪೆನ್ಸಿಲ್, ಒಂದು ಅಡಿಕೋಲು. ಮೊದಲ ಹನ್ನೊಂದು ವರ್ಷವನ್ನು ನೋಟ್‌ಬುಕ್ಕಿನೊಡನೆ ಹೋಲಿಸಿ ಸರಿಪಡಿಸಿದ್ದಾಯಿತು. ಉಳಿದ ಹದಿನಾರು ವರ್ಷಕ್ಕೆ ಸಾಕ್ಷಿಯಿಲ್ಲ. ಅಲ್ಲಿ ವಿಚಿತ್ರ ಚಿಹ್ನೆಗಳು ಇಪ್ಪತ್ತಮೂರು ಸಿಕ್ಕವು. ಅವು ಎಂಟು, ಒಂಬತ್ತುಗಳೆಂದು ನಿಸ್ಸಂಶಯವಾಗಿ ತಿದ್ದಬಹುದು. ರೋಗ ತಗಲಬಲ್ಲ ಅಂಕಿಗಳು ಆರು, ಎದ್ದು ಕಾಣುವವು ಎರಡೇ. ಅಂದಮೇಲೆ ಕಾಣದ ನಾಲ್ಕರಲ್ಲಿ ಕನಿಷ್ಠ ನಲವತ್ತಾರು ತಪ್ಪುಗಳಾದರೂ ಇರಬೇಕು. ಅರವತ್ತೊಂದು ಡಿಗ್ರಿಯಂಥ ಅಸಂಭವಗಳು ಒಂಬತ್ತು ಸಿಕ್ಕವು. ಉಳಿದ ಮೂವತ್ತೇಳು, ಆರು ಸಾವಿರದಷ್ಟು ಸಾಲುಗಳ ನಡುವೆ ಎಲ್ಲೋ ಕೂತಿವೆ. ಹಿಂದಿನ ದಿನ, ಮರುದಿನ, ಹಿಂದಿನ ವರ್ಷದ ಅದೇ ವಾರ ಇವುಗಳೊಡನೆ ಹೋಲಿಸಿ, ಅನುಮಾನ ಬಂದಲ್ಲಿ ಪೆನ್ಸಿಲಿನ ಚುಕ್ಕೆ. ಎರಡು ವರ್ಷಗಳಲ್ಲಿ ನೂರ ಅರವತ್ತು ಚುಕ್ಕೆಗಳಾಗಿವೆ. ಒಂದನ್ನೂ ತಿದ್ದಿಲ್ಲ. ಅನುಮಾನದ ಮೇಲೆ ತಿದ್ದಿದರೆ ಅದು ಇನ್ನೊಂದು ಸುಳ್ಳು.

ಮೇಷ್ಟ್ರಿಗೆ ಇದಕ್ಕೂ ಮೊದಲು ಇನ್ನೊಂದು ಕಂಪ್ಯೂಟರು ಇತ್ತು. ಅದರ ವಿಷಯ ಅಕ್ಕ ಆಗಲೇ ಕೇಳಿದ್ದರು. ಏಳು ವರ್ಷದ ಹಿಂದೆ ಬೇರೆ ಊರಿನಲ್ಲಿದ್ದ ಅಣ್ಣನ ಮಗಳಿಗೆ ಕೊಟ್ಟದ್ದಾಗಿ, ಕೊಡುವ ಮೊದಲು ತಾವೇ ಎಲ್ಲವನ್ನೂ ಅಳಿಸಿದ್ದಾಗಿ ಮೇಷ್ಟ್ರು ಹೇಳಿದ್ದರು. ಮೇಷ್ಟ್ರು ಅಳಿಸಿದರೆ ಅಳಿಸಿದಂತೆಯೇ ಎಂದು ಅಕ್ಕ ಅಲ್ಲಿಗೆ ಕೈಬಿಟ್ಟರು.

ಈ ಮಂಗಳವಾರ ಹೊಲಿಗೆ ಅಂಗಡಿಯ ಹೆಣ್ಣುಮಗಳೊಬ್ಬಳು ಹಳೆಯ ಯಂತ್ರವೊಂದನ್ನು ತಂದಳು. ಈ ಊರಿಗೆ ಬಂದು ಮೂರು ತಿಂಗಳಾಗಿದೆ. ಗಿರಾಕಿಗಳ ಅಳತೆಗಳೆಲ್ಲ ಅದರಲ್ಲೇ ಇವೆ. ನಿಧಾನವೆಂದು ಯಾರಿಂದಲೋ ರ್ಯಾಮ್ ಹಾಕಿಸಿದಳು; ಅಂದಿನಿಂದ ಮೂರು ಸಲ ಒತ್ತಿದರೆ ಒಂದು ಸಲ ಏಳುತ್ತದೆ, ಎದ್ದರೂ ನಡುವೆ ಕುಸಿಯುತ್ತದೆ. ಅಕ್ಕ ಕ್ರಮವಾಗಿ ಹೋದರು. ಎರಡೂ ಪಟ್ಟಿ ಕಳಚಿ, ಹಳೆಯದೊಂದನ್ನೇ ಹಾಕಿದಾಗ ಯಂತ್ರ ಎದ್ದಿತು. ಹೊಸದೊಂದನ್ನೇ ಹಾಕಿದಾಗ ಎದ್ದರೂ ಮೆಮೊರಿಯ ಲೆಕ್ಕ ಅರ್ಧವೇ ತೋರಿತು. ಎರಡನ್ನೂ ಹಾಕಿದಾಗ ಬೀಪ್. ಹಲ್ಲುಗಳು ಸ್ವಚ್ಛವಾಗಿಯೇ ಇದ್ದವು; ಆದರೂ ಉಜ್ಜಿ ನೋಡಿದರು, ಫಲವಿಲ್ಲ. ಹಳೆಯ ಬೋರ್ಡು ಅಷ್ಟು ದೊಡ್ಡ ಪಟ್ಟಿಯನ್ನು ಅರಗಿಸಿಕೊಳ್ಳಲಾರದು ಎಂಬುದು ಅಲ್ಲಿಗೆ ಖಚಿತವಾಯಿತು. “ಸಣ್ಣ ಹೊಟ್ಟೆಗೆ ದೊಡ್ಡ ತುತ್ತು ಇಟ್ಟಿದ್ದಾರೆ ತಾಯಿ. ತಪ್ಪು ಹೊಟ್ಟೆಯದಲ್ಲ, ತುತ್ತಿನದೂ ಅಲ್ಲ,” ಎಂದು ಹೇಳಿ, ಹೊಂದುವ ಚಿಕ್ಕ ಪಟ್ಟಿಯೊಂದನ್ನು ಟೂತ್‌ಪೇಸ್ಟ್ ಡಬ್ಬಿಗಳ ಸಾಲಿನಿಂದ ಹುಡುಕಿ ತೆಗೆದರು.

ಅದನ್ನು ಕೂರಿಸುವ ಮೊದಲು ಕಳಚಿಟ್ಟ ತಗಡನ್ನು ಒರೆಸಲು ಮಗುಚಿದಾಗ ಒಳಮೈಗೆ ಅಂಟಿಸಿದ ಚೀಟಿಯೊಂದು ಕಂಡಿತು. ಮೂರು ತಿಂಗಳಿಗೊಮ್ಮೆ ಧೂಳು ತೆಗೆದ ತಾರೀಖುಗಳು, ಒಂದರ ಕೆಳಗೊಂದು, ಗೆರೆ ಎಳೆದಂತೆ. ಏಳರ ಅಂಕಿಯ ಸೊಂಟಕ್ಕೆ ಒಂದು ಅಡ್ಡಗೀಟು. ಎರಡು ವರ್ಷದಿಂದ ಹನ್ನೊಂದು ನೋಟ್‌ಬುಕ್ಕಿನಲ್ಲಿ ಆ ಏಳನ್ನು ನೋಡಿದ ಕಣ್ಣಿಗೆ ಗುರುತು ಹತ್ತಲು ಕ್ಷಣವೂ ಬೇಕಾಗಲಿಲ್ಲ. ಈ ಯಂತ್ರ ಯಾರದೆಂದು ಅಕ್ಕ ಕೇಳಿದರು. ಚಿಕ್ಕಪ್ಪ ಕೊಟ್ಟದ್ದು ಎಂದಳು ಹೊಲಿಗೆಯವಳು.

ಅದಕ್ಕೇ ಎರಡು ರಾತ್ರಿಗಳ ಈ ಪರೀಕ್ಷೆ. ಅದಕ್ಕೇ ಕಳಚಿಟ್ಟ ಆ ತಂತಿ. ನಂಬಿಕೆಯಿಲ್ಲದ ಮೆಮೊರಿಯಿಟ್ಟುಕೊಂಡು ಆ ಡಿಸ್ಕನ್ನು ಮುಟ್ಟಿದರೆ ಹಿಂದಿನ ಕಥೆಯೇ ಮರುಕಳಿಸೀತು.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಹೊಲಿಗೆಯವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಒಪ್ಪಿಗೆ ಕೇಳಿಯೇ ಅಕ್ಕ ಡಿಸ್ಕಿನ ತಂತಿ ಸಿಕ್ಕಿಸುತ್ತಾರೆ. ಮೊದಲು ಇಡೀ ಡಿಸ್ಕಿನ ಒಂದು ನಕಲು. ಅದಕ್ಕೇ ಎರಡು ಗಂಟೆ. ಆಮೇಲೆ ನಕಲಿನಲ್ಲಿ ಹುಡುಕಾಟ. ಕಡತಗಳಲ್ಲಿ ಇಲ್ಲ. ಚಿತ್ರಗಳಲ್ಲಿ ಇಲ್ಲ. ಪರದೆಯ ಮೂಲೆಯ ಕಸದ ಬುಟ್ಟಿಯ ಮೇಲೆ ಒತ್ತಿದಾಗ ಏಳು ವರ್ಷ ಹಿಂದಿನ ತಾರೀಖು ಹೊತ್ತ ಒಂದೇ ಒಂದು ಕಡತ ಕಾಣುತ್ತದೆ. ಮೇಷ್ಟ್ರು ಅಳಿಸಿದ್ದು ನಿಜ. ಬುಟ್ಟಿ ಖಾಲಿ ಮಾಡಿರಲಿಲ್ಲ. ಅಣ್ಣನ ಮಗಳಿಗೆ ಅಲ್ಲೊಂದು ಬುಟ್ಟಿಯಿದೆಯೆಂದೇ ಗೊತ್ತಿರಲಿಲ್ಲ. “ನಮ್ಮ ಚಿಕ್ಕಪ್ಪ ಮನೆ ಗುಡಿಸಿದರೂ ಹೀಗೇ ಅಕ್ಕ. ಗುಡಿಸಿ ಬಾಗಿಲ ಹಿಂದೆ ಗುಡ್ಡೆ ಮಾಡಿಡ್ತಾರೆ. ಚಿಕ್ಕಮ್ಮ ಎತ್ತಬೇಕು,” ಎಂದು ಅವಳು ನಗುತ್ತಾಳೆ. ಅಕ್ಕ ನಗುವುದಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತೆರೆದ ಕಡತವನ್ನು ನೋಡುತ್ತ ಕೂರುತ್ತಾರೆ.

ನೋಟ್‌ಬುಕ್ಕಿನ ಕಾಲ ಮುಗಿದ ಮೇಲಿನ ಹನ್ನೊಂದು ವರ್ಷ ನಾಲ್ಕು ತಿಂಗಳ ಅಂಕಿಗಳು ಅಲ್ಲಿವೆ, ರೋಗ ತಗಲುವ ಮೊದಲಿನವು. ಎರಡು ಕಡತಗಳನ್ನು ಎದುರುಬದುರು ಇಟ್ಟು ಹೋಲಿಸಿದಾಗ ಕಣ್ಣಿಗೆ ಬೀಳದೆ ಉಳಿದಿದ್ದ ಇಪ್ಪತ್ತೆಂಟು ತಪ್ಪುಗಳು ಹೊರಬೀಳುತ್ತವೆ. ಎಲ್ಲವೂ ಅದೇ ಜಾತಿ: ಸೊನ್ನೆ ನಾಲ್ಕು, ಎರಡು ಆರು. ಈ ಅವಧಿಯಲ್ಲಿ ಅಕ್ಕ ಇಟ್ಟ ಪೆನ್ಸಿಲ್ ಚುಕ್ಕೆಗಳು ನೂರ ಹದಿನೇಳು. ಅವುಗಳಲ್ಲಿ ನಿಜವಾದ ತಪ್ಪು ಹನ್ನೊಂದೇ. “ಉಳಿದ ನೂರ ಆರು ಪಾಪ, ನಿಜವಾದ ಅಂಕಿಗಳು. ಸುಮ್ಮನೆ ಅನುಮಾನ ಪಟ್ಟೆ,” ಎನ್ನುತ್ತಾರೆ. “ಹದಿನೇಳು ಸುಳ್ಳು ನನ್ನ ಕಣ್ಣೆದುರೇ ಒಳ್ಳೇವರ ಹಾಗೆ ಕೂತಿದ್ದವು. ಎರಡು ವರ್ಷ ದಿನಾ ಅವುಗಳ ಮುಖ ನೋಡಿದ್ದೀನಿ.”

ಕೊನೆಯ ನಾಲ್ಕು ವರ್ಷ ಎಂಟು ತಿಂಗಳಿಗೆ ಎಲ್ಲಿಯೂ ಸಾಕ್ಷಿಯಿಲ್ಲ. ಅಲ್ಲಿ ಹತ್ತೋ ಹನ್ನೆರಡೋ ಸುಳ್ಳುಗಳು ಉಳಿಯುತ್ತವೆ, ಬಹುಶಃ ಎಂದೆಂದಿಗೂ.

ಮಧ್ಯಾಹ್ನ ಅಕ್ಕ ಅಂಗಡಿಯನ್ನು ತಂಗಿಗೆ ಬಿಟ್ಟು ಮೇಷ್ಟ್ರ ಮನೆಗೆ ಹೋಗುತ್ತಾರೆ. ಎರಡು ವರ್ಷದಲ್ಲಿ ಆ ಮೆಟ್ಟಿಲು ಹತ್ತಿರಲಿಲ್ಲ. ಸರಿಪಡಿಸದೆ ಯಾವ ಮುಖ ಹೊತ್ತು ಹೋಗುವುದು ಎಂಬ ಸಂಕೋಚ. ಮೇಷ್ಟ್ರು ಕುರ್ಚಿಯಲ್ಲಿ ಕುಳಿತೇ ಮುಖವನ್ನು ಸ್ವಲ್ಪ ಓರೆ ಮಾಡಿ ನೋಡುತ್ತಾರೆ. ಅವರಿಗೆ ಈಗ ನೋಟದ ಅಂಚು ಮಾತ್ರ ಕಾಣುತ್ತದೆ, ನಡುವೆ ಮಂಜು. ಬಂದವರ ಸೆರಗು ಕಾಣುತ್ತದೆ, ಮುಖ ಕಾಣುವುದಿಲ್ಲ. ಪುಸ್ತಕದ ಹಾಳೆ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಇದು ಶುರುವಾಗಿ ಒಂದೂವರೆ ವರ್ಷವಾಯಿತೆಂದು ಅವರ ಹೆಂಡತಿ ತಿಳಿಸುತ್ತಾರೆ. ಅಕ್ಕನಿಗೆ ಇದು ಯಾರೂ ಹೇಳಿರದ ಸುದ್ದಿ.

ತಂದದ್ದನ್ನು ಅಕ್ಕ ಓದಿ ಹೇಳುತ್ತಾರೆ. ಸರಿಹೋದ ವರ್ಷಗಳೆಷ್ಟು, ಸಿಕ್ಕ ತಪ್ಪುಗಳೆಷ್ಟು, ಉಳಿದದ್ದೆಷ್ಟು. ಕಸದ ಬುಟ್ಟಿಯ ಮಾತು ಬಂದಾಗ ಮೇಷ್ಟ್ರ ತುಟಿ ಸ್ವಲ್ಪ ಅರಳುತ್ತದೆ. ಉಳಿದ ನಾಲ್ಕು ವರ್ಷ ಎಂಟು ತಿಂಗಳಿಗೆ ‘ಅನುಮಾನ’ ಎಂದು ಗುರುತು ಹಾಕಿಡು, ಅದೂ ಒಂದು ಮಾಹಿತಿಯೇ ಎನ್ನುತ್ತಾರೆ. ಆಮೇಲೆ ಕೇಳುತ್ತಾರೆ:

“ಹಳೇದನ್ನ ರಿಪೇರಿ ಮಾಡಿದೆ ಕಣಮ್ಮ, ಸಂತೋಷ. ಅಲ್ಲಿಂದ ಇಲ್ಲಿಗೆ ಎಂಟುನೂರ ಐವತ್ತೆರಡು ದಿನ ಆಯ್ತು. ಅದನ್ನ ಯಾರು ಅಳೆದ್ರು?”

ಯಾರೂ ಅಳೆದಿಲ್ಲ. ಅಕ್ಕ ಆ ಎಂಟುನೂರ ಐವತ್ತೆರಡು ಬೆಳಗುಗಳಲ್ಲೂ ಎಚ್ಚರವಿದ್ದರು. ಅಂಗಡಿಯ ಷಟರೆತ್ತುವಾಗ ಆಕಾಶ ತಲೆಯ ಮೇಲೆಯೇ ಇತ್ತು. ಕೆಲವು ದಿನ ಮಳೆಯಲ್ಲಿ ನೆನೆದೇ ಒಳನುಸುಳಿ, ತಲೆ ಒರೆಸಿಕೊಂಡು, ಹಳೆಯ ಮಳೆಗಳ ಹಾಳೆ ಹರಡಿ ಕೂತಿದ್ದರು. ಹೊರಗೊಂದು ಡಬ್ಬ ಇಡಬೇಕೆಂದು ಒಂದು ದಿನವೂ ಹೊಳೆಯಲಿಲ್ಲ. “ಅಳೆಯೋದು ಮೇಷ್ಟ್ರ ಕೆಲಸ, ರಿಪೇರಿ ನನ್ನ ಕೆಲಸ ಅಂದ್ಕೊಂಡಿದ್ದೆ,” ಎನ್ನುತ್ತಾರೆ ಮೆಟ್ಟಿಲಿಳಿಯುತ್ತ. “ಕೆಟ್ಟಿದ್ದನ್ನ ಹೇಗಾದರೂ ಸರಿ ಮಾಡಬಹುದು. ಇಲ್ಲದೇ ಇರೋದನ್ನ ಎಲ್ಲಿ ಉಜ್ಜೋದು?”

ಶನಿವಾರ ಬೆಳಗ್ಗೆ ಆರೂಕಾಲಿಗೆ ಅಕ್ಕ ಮತ್ತೆ ಮೇಷ್ಟ್ರ ಮನೆಯ ಬಾಗಿಲಲ್ಲಿದ್ದಾರೆ. ಕೈಯಲ್ಲಿ ಹೊಸ ನೋಟ್‌ಬುಕ್ಕು, ಕಂಕುಳಲ್ಲಿ ಒಂದು ಒರೆಸುವ ಬಟ್ಟೆ. ತಾರಸಿ ಹತ್ತಿ, ಬೋರಲು ಬಿದ್ದಿದ್ದ ಡಬ್ಬವನ್ನು ಎತ್ತಿ, ಒಳಗಿನ ಜೇಡರಬಲೆ ತೆಗೆದು, ತಳದ ಕಿಲುಬನ್ನು ಉಜ್ಜುತ್ತಾರೆ, ಜೇಬಿನ ರಬ್ಬರಿನಿಂದಲೇ. ಮೇಷ್ಟ್ರು ಗೋಡೆ ಹಿಡಿದು ತಾರಸಿಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಮೊದಲ ಪುಟದಲ್ಲಿ ಬಿಟ್ಟುಹೋದ ದಿನಗಳನ್ನು ನಮೂದಿಸಬೇಕೆಂದು ಅವರ ಅಪ್ಪಣೆ. ಅಕ್ಕ ಬರೆಯುತ್ತಾರೆ: ಎಂಟುನೂರ ಐವತ್ತಮೂರು ದಿನ, ಅಳೆದಿಲ್ಲ. ಕಾರಣ ಎಂದು ಬರೆದು, ಮುಂದೆ ತಮ್ಮ ತಪ್ಪನ್ನು ಬರೆಯಲು ಹೊರಟು, ಬರೆಯುತ್ತಿರುವುದನ್ನು ಗಟ್ಟಿಯಾಗಿ ಹೇಳುತ್ತಾರೆ. ಮೇಷ್ಟ್ರು ಕೈ ಅಡ್ಡ ಮಾಡುತ್ತಾರೆ.

“ಅಂಕಿ ಕೆಡಿಸಿದ್ದು ನೀನು. ಅಳೆಯೋದು ನಿಲ್ಲಿಸಿದ್ದು ನಾನು. ಆಗ ನನಗೆ ಕಣ್ಣಿತ್ತು ಕಣಮ್ಮ. ಹಟ ಮಾಡಿ ಕೂತೆ. ಕಾರಣ ಅನ್ನೋ ಕಡೆ ಖಾಲಿ ಬಿಡು.”

ಖಾಲಿ ಬಿಡಲಾಗುತ್ತದೆ. ಡಬ್ಬದಲ್ಲಿ ಇಂದು ಅಳೆಯಲು ಏನೂ ಇಲ್ಲ. ನಾಳೆಗೆ ಅದು ಸಿದ್ಧ. ಅಕ್ಕ ಜಾಲರಿಯ ಪೆಟ್ಟಿಗೆ ತೆರೆದು ಉಷ್ಣಮಾಪಕದ ಮುಂದೆ ಬಾಗುತ್ತಾರೆ. ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಬೆರಳು ಗಾಜಿಗೆ ತಾಕದಂತೆ ಗೀಟಿನಿಂದ ಗೀಟಿಗೆ ಸರಿಯುತ್ತದೆ. ಇಪ್ಪತ್ತನಾಲ್ಕು ಎಂದು ಓದುತ್ತಾರೆ.

ಮೇಷ್ಟ್ರು ಮುಖವನ್ನು ಓರೆ ಮಾಡುತ್ತಾರೆ. “ಸರಿಯಾಗಿ ನೋಡಮ್ಮ. ಇಪ್ಪತ್ತೋ, ಇಪ್ಪತ್ತನಾಲ್ಕೋ?”

ಅದು ತಮಾಷೆಯೋ, ಅಲ್ಲವೋ ಎಂದು ತಿಳಿಯಲು ಅಕ್ಕ ತಿರುಗಿ ನೋಡುವುದಿಲ್ಲ. ಅಂಗಡಿಯಲ್ಲಿ ಇನ್ನೊಂದು ಪರದೆ ಅವರಿಗಾಗಿ ಕಾಯುತ್ತಿದೆ, ಕಾಯಲಿ. ಮತ್ತೆ ಬಾಗುತ್ತಾರೆ, ಮೊದಲ ಗೀಟಿನಿಂದ.

“ಇಪ್ಪತ್ತನಾಲ್ಕೇ ಮೇಷ್ಟ್ರೇ. ಎರಡು ಸಲ ನೋಡಿದೆ.”